ತಂತಿ ಮುಗಿಯುವ ಸ್ಟೇಷನ್

ಮಾರ್ಚ್ 3, ಸೋಮವಾರ

ಕೆಲಸಕ್ಕೆ ಸೇರಿದ ಮೊದಲ ದಿನ. ಇಡೀ ದಿನದಲ್ಲಿ ಬಾಯಿಬಿಟ್ಟು ಆಡಿದ್ದು ನಾಲ್ಕೇ ಮಾತು: ಹೂಂ, ಸರಿ, ಗೊತ್ತಿಲ್ಲ, ಇನ್ನೊಂದು ಸರಿ.

ಎಂಜಿನ್ ಶೆಡ್ಡಿನ ಮಹಡಿಯಲ್ಲಿ, ಕಿಟಕಿ ಪಕ್ಕ ನನ್ನ ಮೇಜು. ಮೇಜಿನ ಮೇಲೆ ಹೊಸ ಎಂಜಿನ್ ಜೊತೆ ಕಾರ್ಖಾನೆಯವರು ಕಳಿಸಿದ ಪುಸ್ತಕ, ಆರುನೂರ ನಲವತ್ತು ಪುಟ. ಅದನ್ನು ಚಾಲಕರು ಜೇಬಿನಲ್ಲಿಟ್ಟುಕೊಳ್ಳುವಂಥ ಕೈಪಿಡಿಯಾಗಿ ಬರೆಯುವುದು ನನ್ನ ಕೆಲಸ. ಆರು ತಿಂಗಳ ನೇಮಕ. "ಸಾಹಿತ್ಯ ಓದಿದವರೇ ಬೇಕು ಅಂತ ನಾನೇ ಹಟ ಮಾಡಿದ್ದು," ಎಂದರು ಮುಖ್ಯ ಎಂಜಿನಿಯರ್ ಮೇಡಂ. "ನಮ್ಮೋರು ಬರೆದಿದ್ದು ಬರೆದೋರಿಗೇ ಅರ್ಥ ಆಗಲ್ಲ."

ಎಂಜಿನ್ ಬಗ್ಗೆ ಇಂದು ತಿಳಿದದ್ದು ಇಷ್ಟು. ಮೇಲೆ ವಿದ್ಯುತ್ ತಂತಿ ಇರುವ ಕಡೆ ಅದು ಕರೆಂಟಿನಲ್ಲಿ ಓಡುತ್ತದೆ. ತಂತಿ ಇಲ್ಲದ ಕಡೆ ತನ್ನದೇ ಡೀಸೆಲ್ ಹಚ್ಚಿಕೊಂಡು ಓಡುತ್ತದೆ. ನಮ್ಮ ಮಾರ್ಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಗರದಿಂದ ಎಂಟು ಸ್ಟೇಷನ್ನುಗಳವರೆಗೆ ತಂತಿ ಇದೆ, ಆಮೇಲಿನ ಒಂಬತ್ತಕ್ಕೆ ಇಲ್ಲ. ತಂತಿ ಮುಗಿಯುವ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದು, ಮೇಲ್ಸೇತುವೆ ದಾಟಿ, ಆಚೆ ಕಾಯುವ ಡೀಸೆಲ್ ಗಾಡಿ ಹಿಡಿಯಬೇಕು. ಈ ಎಂಜಿನ್ ಬಂದರೆ ಯಾರೂ ಇಳಿಯಬೇಕಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಹನ್ನೊಂದು ವರ್ಷದಿಂದ ಆ ಸೇತುವೆ ದಾಟುತ್ತಿದ್ದಾಳೆ. ನಗರದ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ದಿನವಿಡೀ ನಿಂತು, ಸಂಜೆ ನಲವತ್ತೆರಡು ಮೆಟ್ಟಿಲು ಹತ್ತಿ ನಲವತ್ತೆರಡು ಇಳಿಯುತ್ತಾಳೆ. ನನ್ನನ್ನು ಓದಿಸಿದ್ದು ಆ ಮೆಟ್ಟಿಲುಗಳೇ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ನಿನ್ನ ರೈಲು ಬರೋದ್ರೊಳಗೆ ನನ್ನ ಮಂಡಿ ಪಿಂಚಣಿ ತಗೊಳ್ಳುತ್ತೆ ಬಿಡು," ಎಂದಳು.

ಮಾರ್ಚ್ 6, ಗುರುವಾರ

ಇಂದು ಎಂಜಿನ್ನಿನ ಕ್ಯಾಬ್ ಹತ್ತಿದೆ. ಒಳಗೆ ಇಬ್ಬರು. ಹಿರಿಯ ಚಾಲಕರನ್ನು ಶೆಡ್ಡಿನಲ್ಲಿ ಎಲ್ಲರೂ ಯಜಮಾನ್ರು ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಡೀಸೆಲ್ ಓಡಿಸಿ, ಒಂಬತ್ತು ವರ್ಷ ಕರೆಂಟು ಓಡಿಸಿದವರು. ಎರಡೂ ಬಲ್ಲವರು ಇಲ್ಲಿ ಅವರೊಬ್ಬರೇ. ಜೂನ್ ಕೊನೆಗೆ ನಿವೃತ್ತಿ. ಅಷ್ಟರಲ್ಲಿ ಉಳಿದವರಿಗೆಲ್ಲ ಈ ಎಂಜಿನ್ ಕಲಿಸಿ ಹೋಗಬೇಕು. ಇನ್ನೊಬ್ಬಳು ಸಹಾಯಕ ಚಾಲಕಿ. ದನಿ ಕೇಳಿದರೆ ಅವಳನ್ನು ಮೈಕು ಎಂದು ಏಕೆ ಕರೆಯುತ್ತಾರೆಂದು ಯಾರನ್ನೂ ಕೇಳಬೇಕಿಲ್ಲ.

ಎಲ್ಲಿ ನಿಲ್ಲಬೇಕೆಂದು ಕೇಳಲು ಬಾಯಿ ಬರಲಿಲ್ಲ. ಚೀಟಿಯಲ್ಲಿ ಬರೆದು ಯಜಮಾನರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, ಜೇಬಿನಿಂದ ಪೆನ್ನು ತೆಗೆದು, ಚೀಟಿಯ ಹಿಂಬದಿಯಲ್ಲಿ "ಬಾಗಿಲ ಹತ್ತಿರ ಬೇಡ" ಎಂದು ಬರೆದು ವಾಪಸು ಕೊಟ್ಟರು. ಮೈಕು ನಕ್ಕಿದ್ದು ಶೆಡ್ಡಿನ ಆಚೆ ಗೋಡೆಗೂ ಕೇಳಿಸಿರಬೇಕು.

ಇವರದೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಇಲ್ಲಿ ಯಾವುದನ್ನೂ ಕಂಡರೆ ಸಾಲದು, ಕೂಗಬೇಕು. ಸಿಗ್ನಲ್ ಹಸಿರಿದ್ದರೆ ಮೈಕು "ಹಸಿರು" ಎನ್ನುತ್ತಾಳೆ. ಯಜಮಾನರು ಬಲಗೈ ಬೆರಳು ಚಾಚಿ ಅದನ್ನೇ ತೋರಿಸುತ್ತ "ಹಸಿರು" ಎಂದು ಮರುಕೂಗುತ್ತಾರೆ. ಎದುರಿಗೆ ನೂರು ಗಜದಲ್ಲಿ ಇಬ್ಬರಿಗೂ ಕಾಣುತ್ತಿರುವುದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. "ಕಣ್ಣು ಸುಳ್ಳು ಹೇಳುತ್ತೆ ಪುಸ್ತಕದಮ್ಮ," ಎಂದರು ಯಜಮಾನರು. "ಬಾಯಿ, ಕೈ, ಕಣ್ಣು ಮೂರೂ ಸೇರಿ ಸುಳ್ಳು ಹೇಳೋದು ಕಷ್ಟ."

ನನಗೆ ಹೆಸರು ಬಿದ್ದಾಯಿತು.

ಮಾರ್ಚ್ 11, ಮಂಗಳವಾರ

ಕೈಪಿಡಿಯ ಮುಖ್ಯ ಭಾಗ, ಅಂದರೆ ಕರೆಂಟಿನಿಂದ ಡೀಸೆಲ್ಲಿಗೆ ಬದಲಾಗುವ ಕ್ರಮ, ಬರೆದು ತೋರಿಸಿದೆ. ಮೊದಲ ವಾಕ್ಯ: "ವಿದ್ಯುತ್ ತಂತಿಯ ಅಂತ್ಯವು ಸಮೀಪಿಸುತ್ತಿರುವುದನ್ನು ಸೂಚಿಸುವ ಹಳದಿ ಫಲಕವು ದೃಷ್ಟಿಗೋಚರವಾದೊಡನೆ ಚಾಲಕರು..."

ಯಜಮಾನರು ಅಲ್ಲಿಗೇ ನಿಲ್ಲಿಸಿದರು. "ಇದನ್ನ ಓದಿ ಮುಗಿಸೋ ಹೊತ್ತಿಗೆ ಗಾಡಿ ಎರಡು ಊರು ದಾಟಿರುತ್ತೆ."

ಅವಮಾನವಾಯಿತು. ವಾಕ್ಯ ಚೆನ್ನಾಗಿಯೇ ಇತ್ತು.

ಮಾರ್ಚ್ 12, ಬುಧವಾರ

ಮೊದಲ ಪರೀಕ್ಷಾ ಓಟ. ಆರು ಬೋಗಿ, ಸೀಟುಗಳಲ್ಲಿ ಜನರ ಬದಲು ಮರಳಿನ ಮೂಟೆ. ಬೆಳಗಿನ ಜನಸಂದಣಿ ಮುಗಿದ ಮೇಲೆ ಹನ್ನೊಂದಕ್ಕೆ ಹೊರಟೆವು. ನಾನು ಕ್ಯಾಬಿನ ಹಿಂದಿನ ಮೂಲೆಯಲ್ಲಿ, ನೋಟುಬುಕ್ಕು ಹಿಡಿದು. ಕಂಡದ್ದನ್ನೆಲ್ಲ ಬರೆದುಕೊಳ್ಳಿ ಎಂದು ಮೇಡಂ ಹೇಳಿದ್ದರು. ಬರೆದುಕೊಂಡೆ.

ಕ್ರಮ ಹೀಗೆ. ತಂತಿ ಮುಗಿಯುವ ಕಡೆ ನಿಲ್ಲದ ಗಾಡಿಗಳೂ ಮುಂದೆ ಬರುತ್ತವಂತೆ, ಆದ್ದರಿಂದ ಗಾಡಿ ಓಡುತ್ತಿರುವಾಗಲೇ ವೇಗ ಕೊಡುವ ಹ್ಯಾಂಡಲನ್ನು ಸೊನ್ನೆಗೆ ತರಬೇಕು. ಚಾವಣಿಯ ಮೇಲೆ ತಂತಿ ಮುಟ್ಟುವ ತೋಳನ್ನು, ಇವರ ಮಾತಿನಲ್ಲಿ ಪ್ಯಾಂಟೊವನ್ನು, ಇಳಿಸಬೇಕು. ಡೀಸೆಲ್ ತಾನಾಗಿ ಹತ್ತಿಕೊಳ್ಳುತ್ತದೆ. ಎದುರಿನ ಹಳದಿ ದೀಪ ಮಿನುಗುತ್ತದೆ. ಅದು ಹಸಿರಾಗುವವರೆಗೆ ಕಾದು ಹ್ಯಾಂಡಲ್ ಕೊಡಬೇಕು. ಎಲ್ಲ ಸೇರಿ ಮುಕ್ಕಾಲು ನಿಮಿಷ. ತಂತಿ ಮುಗಿದೊಡನೆ ಹಳಿ ಏರುವುದರಿಂದ, ಅಷ್ಟರಲ್ಲಿ ಡೀಸೆಲ್ ಎಳೆಯದಿದ್ದರೆ ಗಾಡಿ ಏರಿನಲ್ಲಿ ನಿಂತುಬಿಡುತ್ತದೆ.

ನಿಂತುಬಿಟ್ಟಿತು. ಡೀಸೆಲ್ ಹತ್ತಿತು, ಹಳದಿ ದೀಪ ಮಿನುಗಿತು, ತಟ್ಟನೆ ಕೆಂಪಾಯಿತು: ಬದಲಾವಣೆ ರದ್ದು. ಕೊನೆಗೆ ಹಳೆಯ ಡೀಸೆಲ್ ಎಂಜಿನ್ ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ಪ್ಲಾಟ್‌ಫಾರಮ್ಮಿನಲ್ಲಿದ್ದ ಒಬ್ಬರು, "ಮೊಮ್ಮಗನ ಕಿವಿ ಹಿಡ್ಕೊಂಡು ಅಜ್ಜ ಮನೆಗೆ ಕರ್ಕೊಂಡು ಹೋಗ್ತಿದಾನೆ ನೋಡ್ರಿ," ಎಂದರು. ಯಜಮಾನರು ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು.

ಮಾರ್ಚ್ 19, ಬುಧವಾರ

ಎರಡನೇ ಓಟ. ಆಯಿತು! ಹಳದಿ, ಹಸಿರು, ಮೂವತ್ತೆಂಟು ಸೆಕೆಂಡು, ಗಾಡಿ ಏರು ಹತ್ತಿ ಹೋಯಿತು. ಏಕೆ ಆಯಿತೆಂದು ಯಾರಿಗೂ ಗೊತ್ತಿಲ್ಲ; ಕಾರ್ಖಾನೆಯವರು ಏನನ್ನೂ ಬದಲಾಯಿಸಿರಲಿಲ್ಲ. ಪ್ಯಾಂಟೊ ಇಳಿಯುವ ಹೊತ್ತಿಗೆ ಕಣ್ಣಿಗೆ ಬಿಸಿಲು ಹೊಡೆದು ಯಜಮಾನರು ಬಲಗೈಯಲ್ಲಿ ಹಣೆಗೆ ಮರೆ ಹಿಡಿದಿದ್ದರು. ಚಿತ್ರದಂತಿತ್ತು. ಬರೆದುಕೊಂಡೆ.

ಮಾರ್ಚ್ 26, ಬುಧವಾರ

ನಿಂತಿತು. ಅಜ್ಜ ಬಂದ. ಬರೆಯಲು ಮನಸ್ಸಿಲ್ಲ.

ಸಂಜೆ ಅಕ್ಕ ಸೇತುವೆ ಇಳಿಯುವಾಗ ಮಂಡಿ ಮಡಿಚಿಕೊಂಡು ಕೂತುಬಿಟ್ಟಳಂತೆ. ಡೀಸೆಲ್ ಗಾಡಿ ತಪ್ಪಿತು. ಮುಂದಿನದಕ್ಕೆ ಒಂದು ಗಂಟೆ ಕಾದಳು. "ಇನ್ನು ಈ ಕೆಲಸ ಎಷ್ಟು ದಿನ ಆಗುತ್ತೋ ನೋಡೋಣ," ಎಂದಳು. ಅವಳು ಹೀಗೆ ಹೇಳಿದ್ದು ಇದೇ ಮೊದಲು.

ಏಪ್ರಿಲ್ 2, ಬುಧವಾರ

ನಾಲ್ಕನೇ ಓಟದಲ್ಲೂ ನಿಂತಿತು. ಮೇಡಂ ಎಲ್ಲರನ್ನೂ ಕರೆದು ಪತ್ರ ಓದಿದರು. ಇಪ್ಪತ್ತೆರಡನೇ ತಾರೀಖು ಸುರಕ್ಷತಾ ಪರಿವೀಕ್ಷಕರು ಬರುತ್ತಾರೆ. ಅವರೆದುರು ಗಾಡಿ ನಿಲ್ಲದೆ ಬದಲಾಗದಿದ್ದರೆ ಈ ಎಂಜಿನ್ನುಗಳನ್ನು ಪೂರ್ತಿ ತಂತಿಯಿರುವ ಬೇರೆ ಮಾರ್ಗಕ್ಕೆ ಕಳಿಸಿಬಿಡುತ್ತಾರೆ. ನಮ್ಮ ಜನ ಸೇತುವೆ ದಾಟುತ್ತಲೇ ಇರುತ್ತಾರೆ.

ಕಾರ್ಖಾನೆಯವರು ಎಂಜಿನ್ ಸರಿಯಿದೆ ಎನ್ನುತ್ತಾರೆ. ನಮ್ಮವರು ಅವರ ಕಂಪ್ಯೂಟರಿನದೇ ತಪ್ಪು ಎನ್ನುತ್ತಾರೆ. ದಾಖಲೆಯಲ್ಲಿ "ರದ್ದು" ಎಂದಷ್ಟೇ ಇದೆ, ಏಕೆಂದು ಇಲ್ಲ.

ನಾನು ಇಂದು ಒಂದು ನೋಡಿದೆ. ನೋಡಿದೆನೋ ಇಲ್ಲವೋ, ಇನ್ನೂ ಗಟ್ಟಿಯಿಲ್ಲ.

ಏಪ್ರಿಲ್ 3, ಗುರುವಾರ

ನೋಟುಬುಕ್ಕಿನ ನಾಲ್ಕೂ ದಿನದ ಪುಟ ಪಕ್ಕಪಕ್ಕ ಇಟ್ಟುಕೊಂಡು ಓದಿದೆ.

ಮಾರ್ಚ್ 12: "ಡೀಸೆಲ್ ಗುಡುಗಿದಾಗ ಯಜಮಾನರು ಬಲಗೈಯಲ್ಲಿ ಹ್ಯಾಂಡಲನ್ನು ಸವರಿದರು, ಮಗುವಿನ ತಲೆ ಸವರಿದ ಹಾಗೆ." ಆಗ ಇದೊಂದು ಒಳ್ಳೆಯ ಹೋಲಿಕೆ ಎಂದು ಖುಷಿಪಟ್ಟಿದ್ದೆ. 19: ಕೈ ಹಣೆಯ ಮೇಲೆ. ಬದಲಾಯಿತು. 26: "ಮತ್ತೆ ಸವರಿದರು." ನಿನ್ನೆ: ಸವರಿದ್ದಲ್ಲ. ಹ್ಯಾಂಡಲ್ ಒಂದು ಹಲ್ಲು ಮುಂದೆ ಹೋಗಿ ಹಿಂದೆ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ.

ಆರುನೂರ ನಲವತ್ತು ಪುಟದಲ್ಲಿ, ನಾನೂರ ಹನ್ನೊಂದನೇ ಪುಟದ ಅಡಿಯಲ್ಲಿದೆ: ಹಳದಿ ದೀಪ ಮಿನುಗುವಾಗ ಹ್ಯಾಂಡಲ್ ಅಲುಗಿದರೆ ಬದಲಾವಣೆ ರದ್ದಾಗುತ್ತದೆ. ಯಂತ್ರ ಹ್ಯಾಂಡಲಿನ ಸ್ಥಾನವನ್ನು ಸೆಕೆಂಡಿಗೊಮ್ಮೆ ಮಾತ್ರ ದಾಖಲಿಸುತ್ತದೆ. ಆ ಕೈ ಅರ್ಧ ಸೆಕೆಂಡಿನಲ್ಲಿ ಹೋಗಿ ಬರುತ್ತದೆ; ಬದಲಾವಣೆ ರದ್ದಾಗುತ್ತದೆ, ಕೈ ದಾಖಲೆಗೆ ಸಿಗುವುದಿಲ್ಲ.

ಮೇಡಂಗೆ ಹೇಳಿದರೆ ನಾಳೆಯೇ ಯಜಮಾನರನ್ನು ಇಳಿಸಿ ಕಾರ್ಖಾನೆಯ ಚಾಲಕನನ್ನು ಕೂರಿಸುತ್ತಾರೆ. ಮೂವತ್ತೊಂದು ವರ್ಷದ ಕೊನೆಗೆ ಅದು. ಹೇಳದಿದ್ದರೆ ಸೇತುವೆ.

ಏಪ್ರಿಲ್ 4, ಶುಕ್ರವಾರ

ಚೀಟಿ ಬರೆದೆ. ಹರಿದೆ. ಇನ್ನೊಂದು ಬರೆದೆ. ಅದನ್ನೂ ಹರಿದು ನೇರ ಅವರ ಹತ್ತಿರ ಹೋದೆ. ಊಟದ ಡಬ್ಬಿ ತೊಳೆಯುತ್ತಿದ್ದರು. ಹೇಳಿದೆ.

ಅವರು ನಲ್ಲಿ ನಿಲ್ಲಿಸಿದರು. "ಓಹೋ, ಹಸ್ತಸಾಮುದ್ರಿಕ ಬೇರೆ ಕಲ್ತಿದೀಯಾ?"

"ನಾಲ್ಕು ಸಲ ಬರ್ಕೊಂಡಿದೀನಿ ಯಜಮಾನ್ರೇ. ಮೂರು ಸಲ ಕೈ ಹೋಯ್ತು, ಮೂರು ಸಲ ನಿಂತಿತು."

"ನೀನು ಹುಟ್ಟೋಕ್ ಮುಂಚಿಂದ ಈ ಕೈ ಹ್ಯಾಂಡಲ್ ಮೇಲಿದೆ. ನನ್ನ ಕೈ ಎಲ್ಲಿಗೆ ಹೋಗುತ್ತೆ ಅಂತ ನಂಗೊತ್ತಿಲ್ವಾ?"

ನೋಟುಬುಕ್ಕು ಚಾಚಿದೆ. ಮುಟ್ಟಲಿಲ್ಲ. ಡಬ್ಬಿಯ ಮುಚ್ಚಳ ಹಾಕದೆ ಹೊರಟುಹೋದರು.

ಏಪ್ರಿಲ್ 8, ಮಂಗಳವಾರ

ನಾಲ್ಕು ದಿನದಿಂದ ಯಜಮಾನರು ಮಾತಾಡಿಲ್ಲ. ಮೈಕು ಕೂಡ ಮೆಲ್ಲಗೆ ಮಾತಾಡುತ್ತಿದ್ದಾಳೆ, ಅಂದರೆ ಉಳಿದವರಷ್ಟು. ನಾನು ಹೇಳಬಾರದಿತ್ತು. ಹೇಳದೆ ಇರಲೂಬಾರದಿತ್ತು. ಕೈಪಿಡಿ ಒಂದಕ್ಷರ ಮುಂದೆ ಹೋಗಿಲ್ಲ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ನನ್ನ ಮೇಜಿನ ಮೇಲೊಂದು ಚೀಟಿ: "ಕ್ಯಾಬಿಗೆ ಬಾ. ಬಾಗಿಲ ಹತ್ತಿರ ಬೇಡ."

ಎಂಜಿನ್ ಶೆಡ್ಡಿನಲ್ಲೇ ನಿಂತಿತ್ತು. ಯಜಮಾನರು ಜೇಬಿನಿಂದ ಸೀಮೆಸುಣ್ಣ ತೆಗೆದು, ಕಪ್ಪು ಹ್ಯಾಂಡಲಿಗೆ ಒಂದಿಂಚೂ ಬಿಡದೆ ಬಳಿದರು. ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಅಂಗೈಯನ್ನು ನನಗೂ ಮೈಕುಗೂ ತೋರಿಸಿದರು. ಶುಭ್ರ. ಅದನ್ನು ತೊಡೆಯ ಮೇಲಿಟ್ಟು, "ಇಲ್ಲೇ ಇರುತ್ತೆ. ಈಗ ಡೀಸೆಲ್ ಹಚ್ಚು," ಎಂದರು.

ಮೈಕು ಗುಂಡಿ ಒತ್ತಿದಳು. ನೆಲ ನಡುಗಿತು. ಡೀಸೆಲ್ ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಹಳದಿ ದೀಪ ಬಂತು. ಕೆಂಪಾಯಿತು.

ಯಜಮಾನರ ಕೈ ತೊಡೆಯ ಮೇಲೇ ಇತ್ತು. ತಿರುಗಿಸಿ ನೋಡಿಕೊಂಡರು. ಅಂಗೈಯೆಲ್ಲ ಬಿಳಿ.

ಆ ಬಿಳಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. "ಹಳೆ ಡೀಸೆಲ್ಲು ಹತ್ತಿಕೊಂಡ ತಕ್ಷಣ ಒಂದು ಚಿಟಿಕೆ ಹ್ಯಾಂಡಲ್ ಕೊಡದಿದ್ರೆ ಆರಿಹೋಗ್ತಿತ್ತು," ಎಂದರು ಕೊನೆಗೆ. "ಇಪ್ಪತ್ತೆರಡು ವರ್ಷ ಕೊಟ್ಟಿದೀನಿ. ಒಂಬತ್ತು ವರ್ಷದ ಕರೆಂಟಲ್ಲಿ ನಾನು ಮರ್ತೆ, ಕೈ ಮರೀಲಿಲ್ಲ."

ಮೈಕು ತನ್ನ ಕರವಸ್ತ್ರ ತೆಗೆದು ಅವರ ಕೈಗೆ ಕೊಟ್ಟಳು.

ಏಪ್ರಿಲ್ 10, ಗುರುವಾರ

ಮೇಡಂಗೆ ಯಜಮಾನರೇ ಹೇಳಿದರು, ಕೈ ಕಟ್ಟಿ ನಿಂತು. "ನನ್ನ ಇಳಿಸಿಬಿಡಿ. ಕಾರ್ಖಾನೆಯ ಹುಡುಗ ಓಡಿಸ್ಲಿ."

ಮೇಡಂ ಒಪ್ಪುವವರೇ ಇದ್ದರು. ಆಗ ಒಂದು ದನಿ, "ಬೇಡ. ನಾಳೆ ಇದನ್ನ ಓಡಿಸೋರೆಲ್ಲ ಹಳೆ ಡೀಸೆಲ್ ಇಂದಾನೇ ಬರೋರು. ಎಲ್ಲರ ಕೈಯಲ್ಲೂ ಇದೇ ಇದೆ. ಇವರಿಗೆ ಸರಿಹೋದ್ರೆ ಎಲ್ಲರಿಗೂ ಸರಿಹೋಗುತ್ತೆ," ಎಂದಿತು. ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ ಅದು ನನ್ನದೆಂದು ಗೊತ್ತಾಯಿತು.

"ಹೇಗ್ ಸರಿ ಮಾಡ್ತೀಯಮ್ಮ?" ಎಂದರು ಮೇಡಂ.

ಸೋಮವಾರದವರೆಗೆ ಸಮಯ ಕೇಳಿದೆ.

ಏಪ್ರಿಲ್ 14, ಸೋಮವಾರ

ಮೊದಲು "ಹ್ಯಾಂಡಲ್ ಮುಟ್ಟಬೇಡಿ" ಎಂದು ಕೆಂಪಕ್ಷರದಲ್ಲಿ ಬರೆದು ಅಂಟಿಸಿದೆವು. ಯಜಮಾನರು ಹತ್ತು ಸಲಕ್ಕೆ ಏಳು ಸಲ ಮುಟ್ಟಿದರು. ಕೈ ಕಟ್ಟಿ ಕೂತರು. ಡೀಸೆಲ್ ಕೆಮ್ಮಿದೊಡನೆ ಕಟ್ಟು ತಾನಾಗಿ ಬಿಚ್ಚಿಕೊಂಡಿತು. "ನಿಮ್ಮ ಕೈ ಮೇಲೆ ನಾನು ಕೂತ್ಕೊಳ್ಲಾ?" ಎಂದಳು ಮೈಕು.

ಬೇಡ ಎಂದಷ್ಟೂ ಆ ಕೈ ಕೇಳುವುದಿಲ್ಲ. ಅದು ಯಾವಾಗ ಹೇಳಿದ ಮಾತು ಕೇಳುತ್ತದೆ? ಮೈಕು "ಹಸಿರು" ಎಂದಾಗ. ಆಗ ಏನಿದ್ದರೂ ಬಿಟ್ಟು ಬೆರಳು ಚಾಚುತ್ತದೆ. ಅದೂ ಮೂವತ್ತೊಂದು ವರ್ಷದ ರೂಢಿಯೇ.

ಮಧ್ಯಾಹ್ನ ಊಟ ಬಿಟ್ಟು ಕಾರ್ಡು ಬರೆದೆ. ಕೂಗುವ ನಾಲ್ಕು ಸಾಲು:

ಹ್ಯಾಂಡಲ್ ಸೊನ್ನೆ.
ಪ್ಯಾಂಟೊ ಕೆಳಗೆ.
ಹಳದಿ. ತೋರಿಸಿ.
ಹಸಿರು. ಹ್ಯಾಂಡಲ್ ಕೊಡಿ.

"ಹಳದಿ" ಎಂದೊಡನೆ ಬಲಗೈ ಬೆರಳು ದೀಪದತ್ತ ಚಾಚಬೇಕು, ಹಸಿರಾಗುವವರೆಗೆ ಇಳಿಸಬಾರದು. ಅಷ್ಟೇ. ಆರುನೂರ ನಲವತ್ತು ಪುಟದಿಂದ ಇಷ್ಟು ಬಂತು.

ಸಂಜೆಯೊಳಗೆ ಇಪ್ಪತ್ತು ಸಲ ಹಚ್ಚಿ ಆರಿಸಿದೆವು. ಒಮ್ಮೆಯೂ ಕೆಂಪು ಬರಲಿಲ್ಲ. ಯಜಮಾನರು ಕಾರ್ಡನ್ನು ಎರಡು ಸಲ ಓದಿ, "ಇದನ್ನ ಬರೆಯೋಕೆ ಕಾಲೇಜಿಗೆ ಹೋಗ್ಬೇಕಾ?" ಎಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಯಾವ ಮೇಷ್ಟ್ರೂ ಕೊಟ್ಟಿಲ್ಲ.

ಏಪ್ರಿಲ್ 22, ಮಂಗಳವಾರ

ಪರಿವೀಕ್ಷಕರು ಸಣ್ಣಗೆ, ಒಣಗಿದ ಹಾಗೆ ಇದ್ದರು. ನಗುವುದಕ್ಕೆ ಅನುಮತಿ ಬೇಕೇನೋ ಎನ್ನುವಂಥ ಮುಖ. ಕ್ಯಾಬ್ ಹತ್ತಿ, ಕಾರ್ಡು ಕೈಗೆ ತಗೊಂಡು, "ಇದನ್ನ ಕೂಗೋರು ಯಾರು?" ಎಂದರು.

"ನಾನು ಸಾರ್," ಎಂದಳು ಮೈಕು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ನೀವು ಸಿಗ್ನಲ್ ನೋಡ್ಕೊಳ್ಳಿ. ಈ ದನಿಗೆ ಯಾರಾದ್ರೂ ಹೇಳಿದ್ದು ಕೇಳ್ತಾರೆ. ಕಾರ್ಡು ಕೆಲಸ ಮಾಡುತ್ತೋ ದನಿ ಕೆಲಸ ಮಾಡುತ್ತೋ ನಂಗೆ ಗೊತ್ತಾಗ್ಬೇಕು. ಬರೆದೋರು ಯಾರು? ಅವರೇ ಕೂಗ್ಲಿ."

ನಾನು ಹಿಂದಿನ ಮೂಲೆಯಲ್ಲೇ ನಿಂತಿದ್ದೆ. ಮೇಡಂ ಏನೋ ಹೇಳಹೊರಟರು. ಯಜಮಾನರು ತಿರುಗದೆಯೇ, "ಬಾ ಪುಸ್ತಕದಮ್ಮ, ಮುಂದೆ ನಿಂತ್ಕೋ," ಎಂದರು.

ಏಳು ಸ್ಟೇಷನ್ ಕಳೆದವು. ಹಳದಿ ಫಲಕ ಬಂತು. "ಹ್ಯಾಂಡಲ್ ಸೊನ್ನೆ," ಎಂದೆ. ನನಗೇ ಕೇಳಿಸಲಿಲ್ಲ. ಯಜಮಾನರು ಕೈ ಅಲುಗಿಸಲಿಲ್ಲ. ಕೇಳದ ಕೂಗಿಗೆ ಏನೂ ಮಾಡಬಾರದು, ಅದು ಇವರ ನಿಯಮ. ಫಲಕ ದಾಟಿತು. ತಂತಿಯ ಕೊನೆಯ ಕಂಬ ಕಾಣುತ್ತಿತ್ತು. ಆ ಸೇತುವೆಯೂ.

ಕೂಗಿದೆ.

"ಸೊನ್ನೆ," ಎಂದರು ಯಜಮಾನರು. ಮೋಟಾರುಗಳ ಸದ್ದು ಅಡಗಿತು. "ಪ್ಯಾಂಟೊ ಕೆಳಗೆ!" "ಕೆಳಗೆ." ಚಾವಣಿಯ ಮೇಲೆ ದಡಕ್ಕೆಂದಿತು. ಡೀಸೆಲ್ ಕೆಮ್ಮಿತು. ಅವರ ಬಲಗೈ ತೊಡೆಯಿಂದ ಎದ್ದಿತು, ಹ್ಯಾಂಡಲಿನತ್ತ. "ಹಳದಿ! ತೋರಿಸಿ!" ಕೈ ಗಾಳಿಯಲ್ಲೇ ತಿರುಗಿ ದೀಪದತ್ತ ಬೆರಳು ಚಾಚಿತು. "ಹಳದಿ."

ಗಾಡಿ ಏರು ಹತ್ತತೊಡಗಿತ್ತು, ಬರೀ ಬಂದ ರಭಸದಲ್ಲಿ. ವೇಗದ ಮುಳ್ಳು ಇಳಿಯುತ್ತಿತ್ತು. ನಲವತ್ತು. ಮೂವತ್ತೈದು. ಚಾಚಿದ ಬೆರಳು ಇಳಿಯಲಿಲ್ಲ. ಮೂವತ್ತು. ಇಪ್ಪತ್ತೆಂಟು.

ಹಸಿರು.

ನಾನು ಕೂಗುವುದೂ ಮುಳ್ಳು ನಿಲ್ಲುವುದೂ ಒಟ್ಟಿಗೇ ಆಯಿತು. ನಿಂತ ಮುಳ್ಳು ಮೇಲೇರತೊಡಗಿತು. ಆರು ಬೋಗಿ ಮರಳನ್ನು ಹೊತ್ತು ಏರಿನ ನೆತ್ತಿ ದಾಟಿ ಆಚೆಗೆ ಇಳಿದೆವು. ಪರಿವೀಕ್ಷಕರು ಗಡಿಯಾರ ನೋಡಿ ಏನೋ ಬರೆದುಕೊಂಡರು. ಕಾರ್ಡನ್ನು ವಾಪಸು ಕೊಡದೆ ತಮ್ಮ ಕಡತದಲ್ಲಿ ಇಟ್ಟುಕೊಂಡು, "ಇದರದ್ದು ಇನ್ನೊಂದು ಮಾಡ್ಕೊಳ್ಳಿ," ಎಂದರು. ಮತ್ತೆ ನಾಲ್ಕು ಸಲ ಹೋಗಿ ಬಂದೆವು. ನಾಲ್ಕೂ ಸಲ ಹಸಿರು. ಐದನೆಯ ಸಲ ಅವರು ನಕ್ಕರು.

ನಾನು ಕೂಗಿದಾಗ ಮೈಕು ಕಿವಿ ಮುಚ್ಚಿಕೊಂಡಳಂತೆ. ಅವಳ ಮಾತು, ಅರ್ಧ ಕಡಿಮೆ ಮಾಡಿ ನಂಬಬೇಕು.

ಏಪ್ರಿಲ್ 23, ಬುಧವಾರ

ಒಪ್ಪಿಗೆ ಬಂತು. ಯಜಮಾನರು ಸೀಮೆಸುಣ್ಣದ ತುಂಡನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ.

ಮೇ 5, ಸೋಮವಾರ

ಇಂದು ಸಂಜೆ ಐದೂ ಇಪ್ಪತ್ತರ ಗಾಡಿಯಿಂದ ನೇರ ಸಂಚಾರ ಆರಂಭ. ಹೊಸ ಎಂಜಿನ್, ಯಜಮಾನರು, ಮೈಕು, ಸೀಟುಗಳಲ್ಲಿ ನಿಜವಾದ ಜನ. ಜನರ ಮುಖ ನೋಡೋಣವೆಂದು ನಾನು ಮೊದಲೇ ಹೋಗಿ ತಂತಿ ಮುಗಿಯುವ ಸ್ಟೇಷನ್ನಿನಲ್ಲಿ ನಿಂತೆ.

ಒಂದು ವಾರದಿಂದ ಎಲ್ಲ ಕಡೆ ನೋಟೀಸು ಹಾಕಿದ್ದರು. ಆದರೂ ಗಾಡಿ ನಿಂತಿದ್ದೇ ತಡ, ಎಲ್ಲ ಬಾಗಿಲುಗಳಿಂದ ಜನ ಧುಮುಕಿ, ಚೀಲ ಬಗಲಿಗೆ ಸಿಕ್ಕಿಸಿಕೊಂಡು ಸೇತುವೆಯ ಕಡೆ ಓಡತೊಡಗಿದರು. ಆಚೆ ಯಾವ ಗಾಡಿಯೂ ಇಲ್ಲ. ಮೊದಲು ಹೋದವರು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದರು. ಯಜಮಾನರ ಕೈಯೇ ನೆನಪಾಯಿತು. ಧ್ವನಿವರ್ಧಕದವರು ಏನನ್ನೋ ಗೊಣಗುತ್ತಿದ್ದರು, ಯಾರೂ ಕೇಳಲಿಲ್ಲ. ನಿಲ್ಲುವುದು ಎರಡೇ ನಿಮಿಷ. ನಾನು ಮೆಟ್ಟಿಲ ಬುಡಕ್ಕೆ ಓಡಿ ಅಡ್ಡ ನಿಂತು ಹೇಳಿದೆ: "ಹತ್ಬೇಡಿ! ಇದೇ ಗಾಡಿ ಮುಂದೆ ಹೋಗುತ್ತೆ! ವಾಪಸ್ ಕೂತ್ಕೊಳ್ಳಿ!" ಬೆರಳು ಚಾಚಿ ಎಂಜಿನ್ ತೋರಿಸಿದೆ. ಮೇಲಿದ್ದವರು ನಿಂತರು, ತಿರುಗಿದರು, ನೋಡಿದರು. ಒಬ್ಬ ಅಜ್ಜಿ, "ನಿಜವಾಗ್ಲೂ ಹತ್ಬೇಕಾಗಿಲ್ವೇನೇ?" ಎಂದರು. ಇಲ್ಲ ಅಜ್ಜಿ ಎಂದೆ. ಅವರು ಹತ್ತಿದ್ದ ಹನ್ನೆರಡು ಮೆಟ್ಟಿಲನ್ನು ನಿಧಾನಕ್ಕೆ, ರಾಣಿಯ ಹಾಗೆ ಇಳಿದುಬಂದರು. ಎಲ್ಲರೂ ನಗುತ್ತ ಒಳಗೆ ಹೋದರು. ಯಾರೋ ಚಪ್ಪಾಳೆ ತಟ್ಟಿದರು.

ಗಾಡಿ ಹೊರಟಿತು. ಯಜಮಾನರು ಕಿಟಕಿಯಿಂದ ಬಲಗೈ ಹೊರಗೆ ಚಾಚಿ, ಸಿಗ್ನಲ್ ತೋರಿಸುವ ಹಾಗೆ ನನ್ನತ್ತ ಬೆರಳು ಮಾಡಿ, "ಹಸಿರು," ಎಂದರು. ಪ್ಲಾಟ್‌ಫಾರಮ್ಮಿನಿಂದ ನಾನು ಮರುಕೂಗಿದೆ.

ನಾಲ್ಕನೇ ಬೋಗಿಯ ಕಿಟಕಿಯಲ್ಲಿ ಅಕ್ಕ. ಇಷ್ಟು ಗದ್ದಲದಲ್ಲೂ ಬಾಯಿ ತೆರೆದು ನಿದ್ದೆಹೋಗಿದ್ದಳು. ದಿನವೂ ಈ ಸ್ಟೇಷನ್ನಿನಲ್ಲಿ ಗಾಡಿ ಖಾಲಿಯಾಗುವಾಗ ಯಾರಾದರೂ ಅವಳನ್ನು ತಟ್ಟಿ ಎಬ್ಬಿಸುತ್ತಾರೆ. ಇಂದು ಎಬ್ಬಿಸಬೇಕಾದವರೆಲ್ಲ ತಾವೇ ಓಡಿದ್ದರು. ಗಾಜು ತಟ್ಟಬಹುದಿತ್ತು. ತಟ್ಟಲಿಲ್ಲ. ತಂತಿಯ ಕೊನೆಯ ಕಂಬ ದಾಟಿತು, ಡೀಸೆಲ್ ಗುಡುಗಿತು, ಅಕ್ಕನ ತಲೆ ಗಾಜಿಗೆ ಒರಗಿಕೊಂಡೇ ಏರು ಹತ್ತಿ ಹೋಯಿತು.

ಒಂದೂವರೆ ಗಂಟೆಯ ಮೇಲೆ ಅವಳ ಫೋನು. ನಮ್ಮ ಸ್ಟೇಷನ್ ದಾಟಿ, ಇನ್ನೂ ನಾಲ್ಕು ದಾಟಿ, ಮಾರ್ಗದ ಕಟ್ಟಕಡೆಯ ಸ್ಟೇಷನ್ನಿನಲ್ಲಿ ಕಸ ಗುಡಿಸುವವರು ಎಬ್ಬಿಸಿದರಂತೆ. ಸಿಟ್ಟು ನೆತ್ತಿಗೇರಿತ್ತು. "ಏನ್ ರೈಲು ಮಾಡಿದೀರೇ ನೀವು? ಹನ್ನೊಂದು ವರ್ಷದಲ್ಲಿ ಒಂದಿನ ಹೀಗಾಗಿಲ್ಲ. ಎಲ್ಲೂ ಎಚ್ಚರಾನೇ ಆಗ್ಲಿಲ್ಲ!"

"ಎಚ್ಚರ ಆಗದ ಹಾಗೆ ಮಾಡೋಕೇ ಕಣೇ ಅಕ್ಕ ಇಷ್ಟು ದಿನ ಬೇಕಾಗಿದ್ದು," ಎಂದೆ.

ಆ ಕಡೆ ಬೆಂಚು ಕಿರುಗುಟ್ಟಿತು. ಆಮೇಲೆ, "ವಾಪಸ್ ಗಾಡಿ ಏಳೂವರೆಗಂತೆ. ಕೂತಿದೀನಿ," ಎಂದಳು. ಫೋನು ಇಡುವ ಮೊದಲು, "ಮಂಡಿ ನೋವೇ ಇಲ್ಲ ಕಣೇ ಇವತ್ತು."

ಅವಳು ಬರುವಷ್ಟರಲ್ಲಿ ಅಡುಗೆ ಮಾಡಬೇಕು. ಕೂಗಿ ಕೂಗಿ ದನಿ ಒಡೆದಿದೆ; ಮೈಕು ಕೇಳಿದರೆ ನಗುತ್ತಾಳೆ.